ಆ ಮದ್ದಿನ ಹೆಸರು ಮನೆಯವರಿಗೆಲ್ಲ ಗೊತ್ತಿರಲಿ

ಓದುಗರ ಪತ್ರ: ಭಾಗಮಂಡಲದ ಹತ್ತಿರ ನಮ್ಮ ಮನೆ. ಮಗನಿಗೆ 6 ವರ್ಷ. ಮೈಟೊಕಾಂಡ್ರಿಯಾ ಕಾಯಿಲೆ, ಪಿಒಎಲ್‌ಜಿ ಅನ್ನುವ ಜೀನ್‌ನ ಎರಡೂ ಪ್ರತಿಯಲ್ಲಿ ದೋಷ ಇದೆ ಎಂದು ಬೆಂಗಳೂರಿನಲ್ಲಿ ಹೇಳಿದ್ದಾರೆ. ಫಿಟ್ಸ್‌ಗೆ ದಿನಕ್ಕೆ ಎರಡು ಹೊತ್ತು ಲೆವೆಟಿರಾಸೆಟಮ್ ಸಿರಪ್ ಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ದಾರಿ ಬಂದ್ ಆಗಿ ಎರಡು ಹೊತ್ತಿನ ಮದ್ದು ತಪ್ಪಿತು. ಫಿಟ್ಸ್ ಬಂತು. ಜೀಪಿನಲ್ಲಿ ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ವಾಲ್ಪ್ರೊಯೇಟ್ ಕೊಡಲು ಹೊರಟಿದ್ದರು. ಬೇಡ ಅಂತ ನಾನು ಕೂಗಿಕೊಂಡೆ. ಅತ್ತೆ, 'ಇದು ನಿನ್ನ ತವರಿನಿಂದ ಬಂದ ಕಾಯಿಲೆ, ಸಿರಪ್‌ನಿಂದಲೇ ಹುಡುಗ ಮಂಕಾಗಿದ್ದಾನೆ, ಅದನ್ನು ಕಡಿಮೆ ಮಾಡಿ ಮದ್ದುಸೊಪ್ಪು ಕೊಡೋಣ' ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ?
— ಹೆಸರು ಬೇಡ ಎಂದ ತಾಯಿ

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ 'ನಾನು ಕೂಗಿಕೊಂಡೆ' ಅನ್ನುವ ಕಡೆ ನಿಂತುಬಿಟ್ಟೆ. ಅವತ್ತು ನೀವು ಕೂಗಿದ್ದು ನೂರಕ್ಕೆ ನೂರು ಸರಿ. ವಾಲ್ಪ್ರೊಯೇಟ್ ಕೆಟ್ಟ ಮದ್ದಲ್ಲ. ಫಿಟ್ಸ್ ಇರುವ ಎಷ್ಟೋ ಮಕ್ಕಳಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೇ ಅವಸರದಲ್ಲಿ ಡಾಕ್ಟರ ಕೈ ಅದರ ಕಡೆ ಹೋಗುತ್ತದೆ. ಆದರೆ ಪಿಒಎಲ್‌ಜಿ ದೋಷ ಇರುವ ಮಗುವಿನಲ್ಲಿ ಅದು ಲಿವರನ್ನು ಪೂರ್ತಿ ಕೆಡಿಸಬಹುದು. ಜೀವವೇ ಹೋಗಬಹುದು.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಆ ಹೊತ್ತಿಗೆ ನೀವು ತೋಟದಲ್ಲಿದ್ದು, ಗಂಡನೋ ಮೈದುನನೋ ಮಗುವನ್ನು ಎತ್ತಿಕೊಂಡು ಹೋಗಿದ್ದರೆ? ಅವರಿಗೆ ಆ ಹೆಸರು ನೆನಪಿರುತ್ತಿತ್ತಾ? ಇಡೀ ಮನೆಯಲ್ಲಿ ಅದು ಗೊತ್ತಿರುವುದು ನಿಮಗೊಬ್ಬರಿಗೇ ಅಂತ ಕಾಣುತ್ತದೆ. ಮತ್ತೆ ನಿದ್ದೆ ಹೇಗೆ ಬರುತ್ತದೆ, ಹೇಳಿ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ನರರೋಗದ ಡಾಕ್ಟರ ಹತ್ತಿರ ಒಂದು ಹಾಳೆ ಬರೆಸಿಕೊಳ್ಳಿ. ಅವರ ಸಹಿ, ಸೀಲು ಇರಲಿ. ತುರ್ತಿನಲ್ಲಿ ತಾಯಿಯ ಮಾತಿಗಿಂತ ಸೀಲಿಗೆ ಬೆಲೆ ಜಾಸ್ತಿ. ಬೇಸರದ ಮಾತು, ಆದರೆ ನಿಜ. ಮೇಲ್ಗಡೆ ದಪ್ಪ ಅಕ್ಷರದಲ್ಲಿ, ಕನ್ನಡ ಇಂಗ್ಲಿಷ್ ಎರಡರಲ್ಲೂ, 'ಈ ಮಗುವಿಗೆ ವಾಲ್ಪ್ರೊಯೇಟ್ ಕೊಡಕೂಡದು' ಎಂದಿರಬೇಕು. ವಾಲ್ಪ್ರೊಯಿಕ್ ಆಸಿಡ್, ಡೈವಾಲ್ಪ್ರೊಯೆಕ್ಸ್ ಎಂದರೂ ಅದೇ ಮದ್ದು. ಬಾಟಲಿ ಮೇಲೆ ಕಂಪನಿಯ ಹೆಸರು ಬೇರೆಯೇ ಇರುತ್ತದೆ. ಹಾಗಾಗಿ ಎಲ್ಲ ಹೆಸರೂ ಬರಲಿ. ಕೆಳಗೆ ಮಗುವಿನ ತೂಕ, ಈಗ ಕೊಡುತ್ತಿರುವ ಮದ್ದು, ಎಷ್ಟು ಮಿಲಿಗ್ರಾಂ, ಎಷ್ಟು ಎಂಎಲ್. ಒಂದು ಹೊತ್ತು ತಪ್ಪಿದರೆ ಏನು, ಕುಡಿಸಿದ ಕೂಡಲೇ ವಾಂತಿಯಾದರೆ ಏನು ಅನ್ನುವುದನ್ನೂ ಕೇಳಿ ಬರೆಸಿ. ತಪ್ಪಿತು ಅಂತ ನೀವೇ ಎರಡರಷ್ಟು ಕೊಡಬೇಡಿ. ಆ ಹಾಳೆಯ ಒಂದು ಪ್ರತಿ ಜೀಪಿನಲ್ಲಿ, ಒಂದು ಟೀಚರ ಹತ್ತಿರ, ಫೋಟೊ ಮನೆಯ ಎಲ್ಲರ ಮೊಬೈಲಿನಲ್ಲಿ ಇರಲಿ.

ಸಿರಪ್ ಅಳೆಯುವ ಸಿರಿಂಜನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ದಿನಾ ಬಿಸಿನೀರಲ್ಲಿ ತೊಳೆದು ತೊಳೆದು ಕಪ್ಪು ಗೆರೆ ಮಾಸಿಹೋಗಿರುತ್ತದೆ. ನಿಮಗೆ ಅಭ್ಯಾಸದಿಂದ ಅಳತೆ ಸಿಗುತ್ತದೆ, ಬೇರೆಯವರಿಗೆ ಸಿಗುವುದಿಲ್ಲ. ಗೆರೆ ಮಾಸಿದ್ದರೆ ಹೊಸದು ತನ್ನಿ. ಚಮಚದ ಅಳತೆ ಬೇಡವೇ ಬೇಡ.

ಇನ್ನು ಮಳೆ. ನಮ್ಮ ಕಡೆ ಮಳೆಗಾಲಕ್ಕೆ ಸೌದೆ, ಅಕ್ಕಿ, ಒಣಮೀನು ಕೂಡಿಡುತ್ತೇವೆ ಅಲ್ವಾ? ಹಾಗೇ ಮದ್ದೂ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಎಷ್ಟು ದಾರಿ ಮುಚ್ಚಿಹೋಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಜೂನ್‌ಗೆ ಮುಂಚೆ ಡಾಕ್ಟರಿಗೆ ವಿಷಯ ಹೇಳಿ, ಒಂದು ತಿಂಗಳಿಗೆ ಹೆಚ್ಚುವರಿ ಚೀಟಿ ಬರೆಸಿಕೊಳ್ಳಿ. ಫಿಟ್ಸ್ 5 ನಿಮಿಷ ದಾಟಿದರೆ ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ನಿಮ್ಮ ಮಗುವಿಗೆ ಆಗುತ್ತದಾ, ಎಷ್ಟು ಸಲ ಹೊಡೆಯಬೇಕು ಎಂದೂ ಕೇಳಿ. ಮಡಿಕೇರಿ ತಲುಪುವುದೇ ಕಷ್ಟ ಇರುವ ಮನೆಗೆ ಅದು ಬೇಕು ಅನ್ನುವುದು ನನ್ನ ಅಭಿಪ್ರಾಯ. ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿ, ಮಗುವನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಯಾವುದೂ ಬೇಡ. 5 ನಿಮಿಷಕ್ಕೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ನೆಟ್‌ವರ್ಕ್ ಇಲ್ಲದ ದಿನ ಯಾರ ಜೀಪು ಎಂದು ಈಗಲೇ ಮಾತಾಡಿಟ್ಟುಕೊಳ್ಳಿ.

ಜ್ವರವನ್ನೂ ಖಾಲಿ ಹೊಟ್ಟೆಯನ್ನೂ ಹಗುರವಾಗಿ ತಗೊಳ್ಳಬೇಡಿ. ಈ ಕಾಯಿಲೆಯಲ್ಲಿ ಜೀವಕೋಶಗಳಿಗೆ ಶಕ್ತಿ ಮಾಡಿಕೊಳ್ಳುವುದೇ ಕಷ್ಟ. ಜ್ವರ ಬಂದರೆ ಇನ್ನೂ ಜಾಸ್ತಿ ಶಕ್ತಿ ಬೇಕು, ಊಟ ಬಿಟ್ಟರೆ ಇರುವುದೂ ಹೋಗುತ್ತದೆ. ಊಟವೂ ಇಲ್ಲ, ಕುಡಿದದ್ದೂ ನಿಲ್ಲುತ್ತಿಲ್ಲ ಅಂದರೆ 'ನಾಳೆ ನೋಡೋಣ' ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ.

ಅತ್ತೆಯ ಮಾತಿಗೆ ಬರುತ್ತೇನೆ. ಕೆಲವು ಮೈಟೊಕಾಂಡ್ರಿಯಾ ಕಾಯಿಲೆಗಳು ತಾಯಿಯ ಕಡೆಯಿಂದ ಮಾತ್ರ ಬರುತ್ತವೆ. ಅತ್ತೆ ಆ ಮಾತನ್ನು ಎಲ್ಲೋ ಕೇಳಿರಬೇಕು. ಅಲ್ಲೂ ತಾಯಿಯ ತಪ್ಪು ಏನೂ ಇರುವುದಿಲ್ಲ. ಆದರೆ ನಿಮ್ಮ ಮಗನದ್ದು ಆ ಬಗೆಯಲ್ಲ. ಎರಡೂ ಪ್ರತಿಯಲ್ಲಿ ದೋಷ ಇದೆ ಅಂದರೆ ಸಾಮಾನ್ಯವಾಗಿ ಒಂದು ನಿಮ್ಮಿಂದ, ಒಂದು ನಿಮ್ಮ ಯಜಮಾನರಿಂದ ಬಂದಿರುತ್ತದೆ. ನಿಮ್ಮಿಬ್ಬರಲ್ಲೂ ಇನ್ನೊಂದು ಪ್ರತಿ ಸರಿಯಿದೆ, ಅದಕ್ಕೇ ನೀವು ಆರೋಗ್ಯವಾಗಿದ್ದೀರಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲು ಜೆನೆಟಿಕ್ಸ್ ಡಾಕ್ಟರನ್ನು ನೋಡಿ. ಪ್ರತಿ ಬಸಿರಿಗೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಇರುತ್ತದೆ. ದೋಷ ಇಬ್ಬರ ಕಡೆಯಿಂದಲೂ ಬಂದದ್ದು ಅಂತ ಅತ್ತೆಗೆ ನೀವು ಹೇಳಬೇಡಿ, ನಿಮ್ಮ ಯಜಮಾನರು ಹೇಳಲಿ. ಅವರೇ ಹೇಳಬೇಕಾದ ಮಾತು ಅದು.

ಹುಡುಗ ಮಂಕಾಗಿದ್ದಾನೆ ಅನ್ನುವುದನ್ನು ಮಾತ್ರ ಸುಮ್ನೆ ತಳ್ಳಿಹಾಕಬೇಡಿ. ಕಾಯಿಲೆಯಿಂದಲೂ ಸುಸ್ತಾಗುತ್ತದೆ, ಲೆವೆಟಿರಾಸೆಟಮ್‌ನಿಂದಲೂ ಕೆಲವು ಮಕ್ಕಳಿಗೆ ಮಂಪರು, ಸಿಡುಕು ಬರುತ್ತದೆ. ಯಾವ ಹೊತ್ತಿನಲ್ಲಿ ಹೇಗಿದ್ದ ಎಂದು ನೋಟ್ ಪುಸ್ತಕದಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಅಳತೆ ಬದಲಿಸುವುದು ಅವರ ಕೆಲಸ. ಮನೆಯಲ್ಲಿ ಇದ್ದಕ್ಕಿದ್ದ ಹಾಗೆ ಕಡಿಮೆ ಮಾಡಿದರೆ ಫಿಟ್ಸ್ ಬಿಡದೆ ಬರಬಹುದು. ಇನ್ನು ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸವನ್ನು ಡಾಕ್ಟರು ಆಗಬಹುದು ಅಂದರೆ ಅಜ್ಜಿ ಕೈಯಿಂದಲೇ ತಿನ್ನಲಿ. ಸಿರಪ್‌ಗೆ ಬದಲಾಗಿ ಅಲ್ಲ, ಅಷ್ಟೇ.

ಇವತ್ತು ಸಂಜೆ ಸಿರಪ್ ಎಳೆಯುವಾಗ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಎಳೆಯಿರಿ, ಗೆರೆ ಅವರು ನೋಡಲಿ. ಹತ್ತು ದಿನ ಆದ ಮೇಲೆ ಅವರು ಎಳೆಯಲಿ, ನೀವು ನೋಡಿ. ಮಂಕಾಗಿದ್ದಾನೆ ಎಂದು ಮೊಮ್ಮಗನನ್ನು ಇಷ್ಟು ಗಮನಿಸುವವರಿಗೆ ಫಿಟ್ಸ್ ಬಂದಾಗ ಗಡಿಯಾರ ನೋಡುವುದು ಕಷ್ಟವಾಗಲಿಕ್ಕಿಲ್ಲ. ಅವರ ಕೈ ಕುದುರಿದ ಮೇಲೆ ಒಂದು ರಾತ್ರಿ ಹುಡುಗನನ್ನು ಅವರ ಪಕ್ಕದಲ್ಲಿ ಮಲಗಿಸಿ, ನೀವು ಬೇರೆ ಕೋಣೆಯಲ್ಲಿ ಮಲಗಿ.