ಹಳೆಯ ಮಾರುತಿ 800: ಸೆಲ್ಫ್ ತಿರುಗುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಏಕೆ?

ಮೂಡಿಗೆರೆಯ ಮಳೆಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ನಿಮ್ಮ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಕಾರು ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ ಎಂದು ಕೇಳಿದ್ದೀರಿ. ಸೆಲ್ಫ್, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸುವ ಮೋಟರು, ಚುರುಕಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಕೊರತೆ ಇರುವುದು ಹೆಚ್ಚಾಗಿ ಕಿಡಿಯಲ್ಲಿ, ಇಲ್ಲವೇ ಪೆಟ್ರೋಲಿನಲ್ಲಿ.

ಯಾವುದೆಂದು ಎಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗೇ ಹೇಳುತ್ತದೆ. ಐದಾರು ಸೆಕೆಂಡು ಸೆಲ್ಫ್ ಹೊಡೆದು, ಕೀ ತೆಗೆದು, ಒಂದು ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ತಲುಪಿಲ್ಲ. ಫಿಲ್ಟರ್, ಪಂಪ್ ನೋಡಿಸಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಹೆಚ್ಚಾಗಿ ಕಿಡಿಯ ದೋಷ.

ಮಲೆನಾಡಿನ ಮಳೆಗಾಲದಲ್ಲಿ ನನ್ನ ಮೊದಲ ಅನುಮಾನ, ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ. ಒಳಗೆ ತೇವ ಕೂತರೆ ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ತು ಅಲ್ಲೇ ಸೋರಿಹೋಗುತ್ತದೆ. ಇಗ್ನಿಷನ್ ಆಫ್ ಮಾಡಿ, ವೈರುಗಳನ್ನು ಕೀಳದೆ ಮುಚ್ಚಳವನ್ನು ಅವುಗಳ ಸಮೇತ ಎತ್ತಿ, ಒಣಬಟ್ಟೆಯಲ್ಲಿ ಒರೆಸಿ. ವೈರುಗಳನ್ನು ಕಿತ್ತು ಅದಲುಬದಲು ಸಿಕ್ಕಿಸಿದರೆ ಒಂದು ತೊಂದರೆ ಎರಡಾಗುತ್ತದೆ. ಒಳಮೈಯಲ್ಲಿ ಕೂದಲೆಳೆಯಂತಹ ಕಪ್ಪು ಗೆರೆ ಕಂಡರೆ ವಿದ್ಯುತ್ತು ಅದರ ಮೂಲಕವೇ ಸೋರುತ್ತದೆ, ಒರೆಸಿ ಪ್ರಯೋಜನವಿಲ್ಲ, ಮುಚ್ಚಳವನ್ನೇ ಬದಲಾಯಿಸಿ. ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಲೋಹದ ತುಂಡುಗಳು) ಇರುವ ಮಾದರಿಯಾದರೆ ಅದರ ಅಂತರವನ್ನೂ ಅದು ಸುಡದಂತೆ ಕಾಯುವ ಕಂಡೆನ್ಸರನ್ನೂ ಮೆಕ್ಯಾನಿಕ್ ನೋಡಲಿ.

ಕಿಡಿ ಇದ್ದೂ ಪ್ಲಗ್ ತೊಯ್ದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಗುಂಡಿಯನ್ನು ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪದೇಪದೇ ತುಳಿದರೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಒಮ್ಮೆಗೆ ಹತ್ತು ಸೆಕೆಂಡು ಸಾಕು, ನಡುವೆ ಮೋಟರಿಗೆ ಬಿಡುವು ಕೊಡಿ.

ತೋಟದ ಆಳುಗಳನ್ನು ಕರೆದು ತಳ್ಳಿಸುವುದು ವ್ಯರ್ಥ: ಎಂಜಿನ್ ತಿರುಗಿಸುವ ಆ ಕೆಲಸವನ್ನು ಸೆಲ್ಫ್ ಈಗಾಗಲೇ ಮಾಡುತ್ತಿದೆ.