ಅಗಸ್ತ್ಯ ಯಾರು, ಅಗಸೆ ಯಾವುದು?

ಪ್ರಶ್ನೆ: ಪಂಚಾಂಗದಲ್ಲಿ ‘ಅಗಸ್ತ್ಯೋದಯ’ ಎಂದಿರುತ್ತದೆ. ದ್ವಾದಶಿಗೆ ಅಗಸೆ ಸೊಪ್ಪು ತರುತ್ತೇವೆ. ಅಂಗಡಿಯಲ್ಲಿ ಅಗಸೆ ಬೀಜ ಸಿಗುತ್ತದೆ. ಇವೆಲ್ಲ ಒಂದೇ ಪದದಿಂದ ಬಂದವೇ?

ಉತ್ತರ: ಮೊದಲೆರಡು ಹೌದು, ಮೂರನೆಯದು ಅಲ್ಲ. ಸಂಸ್ಕೃತದ ಅಗಸ್ತ್ಯ (ಅಗಸ್ತಿ ಎಂಬ ರೂಪವೂ ಉಂಟು) ಋಷಿಯ ಹೆಸರು, ನಕ್ಷತ್ರದ ಹೆಸರು, ಮರದ ಹೆಸರೂ ಹೌದು. ‘ಅಗ’ ಎಂದರೆ ಚಲಿಸದ್ದು, ಅಂದರೆ ಬೆಟ್ಟ. ಬೆಳೆಯುತ್ತಿದ್ದ ವಿಂಧ್ಯವನ್ನು ತಡೆದವನು ಅಗಸ್ತ್ಯ ಎಂಬುದು ಸಂಪ್ರದಾಯದ ನಿರುಕ್ತಿ. ವಿಂಧ್ಯ ದಾಟಿ ದಕ್ಷಿಣಕ್ಕೆ ಬಂದವನು ಹಿಂತಿರುಗಲಿಲ್ಲ; ದಕ್ಷಿಣ ದಿಕ್ಕಿನ ಉಜ್ವಲ ನಕ್ಷತ್ರಕ್ಕೆ ಅವನ ಹೆಸರೇ ನಿಂತಿತು. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಆ ನಕ್ಷತ್ರ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರ ಹಿಂದೆಯೇ ಶರತ್ತಿನಲ್ಲಿ ಹೂ ಬಿಡುವುದರಿಂದ ಮರಕ್ಕೂ ಅಗಸ್ತ್ಯನೆಂದೇ ಹೆಸರು, ಮುನಿದ್ರುಮ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಈ ಅಗಸ್ತಿಯೇ ಸವೆದು ‘ಅಗಸೆ’ ಆಯಿತು. ಸಸ್ಯಶಾಸ್ತ್ರದ ಹೆಸರು ಸೆಸ್ಬೇನಿಯಾ ಗ್ರಾಂಡಿಫ್ಲೋರಾ. ತಮಿಳರು ಅಗತ್ತಿ ಎನ್ನುತ್ತಾರೆ; ನಮ್ಮಲ್ಲಿ ಚೊಗಚೆ ಎಂಬ ಹೆಸರೂ ಬಳಕೆಯಲ್ಲಿದೆ.

ಎಣ್ಣೆಕಾಳಿನ ಅಗಸೆ ‘ಅತಸೀ’ ಎಂಬ ಬೇರೆಯೇ ಪದದ ತದ್ಭವ. ಎರಡು ಸಂಸ್ಕೃತ ಪದಗಳು ಕನ್ನಡಕ್ಕೆ ಬಂದು ಒಂದೇ ರೂಪ ತಾಳಿದ್ದರಿಂದಲೇ ಈ ಗೊಂದಲ. ಅತಸಿಯದು ಮೊಣಕಾಲು ಮಟ್ಟ ದಾಟಿದರೆ ಹೆಚ್ಚು ಎನ್ನುವಷ್ಟು ಸಣ್ಣ ಗಿಡ, ಪುಟ್ಟ ನೀಲಿ ಹೂವು. ಅಗಸ್ತ್ಯನದು ಮನೆ ಎತ್ತರ ಮೀರುವ ಮರ. ಬಿದಿಗೆ ಚಂದ್ರನಂತೆ ಬಾಗಿದ, ಬಿಳಿ ಇಲ್ಲವೇ ಕೆಂಪು ಬಣ್ಣದ, ಬೆರಳುದ್ದದ ಹೂವು. ಒಂದಡಿ ದಾಟಿ ಜೋಲುವ ಕಾಯಿ. ಬೀಜ ಕೈಗೆ ಬಂದಾಗ ಅನುಮಾನವಾದರೆ ನಾಲ್ಕು ಕಾಳು ನೀರಿಗೆ ಹಾಕಿ. ಅತಸಿ ಚಪ್ಪಟೆ, ನುಣುಪು, ತುದಿ ಚೂಪು. ಸ್ವಲ್ಪ ಹೊತ್ತಿನಲ್ಲೇ ಲೋಳೆ ಬಿಡುತ್ತದೆ. ಮರದ ಅಗಸೆಯದು ಅವರೆಯ ಜಾತಿಗೆ ತಕ್ಕ ಪುಟ್ಟ ಕಾಳು. ಅಂಗಡಿಯ ಅಗಸೆ ಬೀಜ ಬಿತ್ತಿ ಸೊಪ್ಪಿನ ಮರಕ್ಕೆ ಕಾದವರಿಗೆ ಸಿಗುವುದು ನೀಲಿ ಹೂವಷ್ಟೇ. ಉತ್ತರ ಕರ್ನಾಟಕದವರು ‘ಊರ ಅಗಸಿ’ ಎಂದಾಗ ಅದು ಊರಬಾಗಿಲು. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ!

ಬರೆಯುವವರಿಗೆ ಎರಡು ಮಾತು. ‘ಅಗಸ್ಥ್ಯ’ ತಪ್ಪು; ‘ತ’ಕಾರಕ್ಕೆ ಮಹಾಪ್ರಾಣ ಇಲ್ಲ. ಇನ್ನೊಂದು, ಕುಂಭಸಂಭವ, ಕುಂಭಯೋನಿ (ಕೊಡದಲ್ಲಿ ಹುಟ್ಟಿದವನು; ಅಗಸ್ತ್ಯನಿಗೂ ಈ ಹೆಸರುಂಟು) ಎಂಬ ಹೆಸರು ಕಂಡ ಕೂಡಲೇ ‘ದ್ರೋಣ’ ಎಂದು ಅರ್ಥ ಹೇಳಿಬಿಡುವುದು. ಮಹಾಭಾರತದ ಯುದ್ಧಪ್ರಸಂಗದಲ್ಲಿ ಅದು ಸರಿ. ಆದರೆ ಕಾಳಿದಾಸನ ರಘುವಂಶದ 4ನೇ ಸರ್ಗದಲ್ಲಿ ಕುಂಭಯೋನಿಯ ಉದಯದಿಂದ ನೀರು ತಿಳಿಯಾಯಿತು ಎಂದು ಬಂದರೆ ಅಲ್ಲಿರುವುದು ನಕ್ಷತ್ರ. ಮಳೆ ನಿಂತು ಹೊಳೆಯ ಕೆಂಪು ಇಳಿಯುವ ಕಾಲದ ವರ್ಣನೆ ಅದು. ಸುತ್ತಲಿನ ವಾಕ್ಯದಲ್ಲಿ ಉದಯ, ಅರ್ಘ್ಯ, ಶರತ್ತು ಇದ್ದರೆ ಆಕಾಶ ನೋಡಿ. ಅವನು ಜೀರ್ಣಿಸಿಕೊಂಡ ಅಸುರ ವಾತಾಪಿ, ಹೆಂಡತಿ ಲೋಪಾಮುದ್ರೆ, ಕಾವೇರಿ ಇದ್ದರೆ ಋಷಿ. ಎಲೆ, ಹೂ, ರಸ ಎಂದಿದ್ದರೆ ಮರ.

ಪ್ರಶ್ನೆ: ಅಗಸ್ತ್ಯ ನಕ್ಷತ್ರ ಬೆಂಗಳೂರಿನಿಂದ ಕಾಣುತ್ತದೆಯೇ? ಯಾವಾಗ ನೋಡಬೇಕು?

ಉತ್ತರ: ಧಾರಾಳವಾಗಿ. ಇರುಳಿನ ಆಕಾಶದಲ್ಲಿ ಲುಬ್ಧಕವನ್ನು (ಸಿರಿಯಸ್) ಬಿಟ್ಟರೆ ಇದೇ ಅತಿ ಪ್ರಕಾಶಮಾನ ನಕ್ಷತ್ರ, ಇಂಗ್ಲಿಷಿನಲ್ಲಿ ಕೆನೋಪಸ್. ದೂರ ಸುಮಾರು 310 ಜ್ಯೋತಿರ್ವರ್ಷ. 27 ನಕ್ಷತ್ರಗಳ ಪಟ್ಟಿಯಲ್ಲಿ ಇದನ್ನು ಹುಡುಕಬೇಡಿ. ಚಂದ್ರನ ದಾರಿಯಿಂದ ಬಹಳ ದಕ್ಷಿಣಕ್ಕಿದೆ.

ಫೆಬ್ರುವರಿ ಮಧ್ಯದಲ್ಲಿ ರಾತ್ರಿ 9ರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ನೆತ್ತಿಯ ಕಡೆಗೆ ಎತ್ತರದಲ್ಲಿ ಕಣ್ಣು ಕುಕ್ಕುವುದು ಲುಬ್ಧಕ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಲುಬ್ಧಕದಿಂದ ಮೂರೂವರೆ ಮುಷ್ಟಿ ಕೆಳಗೆ, ತುಸು ಬಲಕ್ಕೆ ಅಗಸ್ತ್ಯ. ದಿಗಂತದಿಂದ ಅಳೆದರೆ ಎರಡೂವರೆ ಮುಷ್ಟಿಯೂ ಇಲ್ಲ, 24 ಡಿಗ್ರಿ. ಬೀದರಿನಲ್ಲಿ ಇನ್ನೂ 5 ಡಿಗ್ರಿ ಕೆಳಗೆ, ದೆಹಲಿಯಲ್ಲಿ 9 ಡಿಗ್ರಿಯಷ್ಟೇ. ಆದ್ದರಿಂದ ದಕ್ಷಿಣಕ್ಕೆ ಕಟ್ಟಡವೋ ತೆಂಗಿನ ತೋಟವೋ ಅಡ್ಡ ಇದ್ದರೆ ಸಿಗುವುದಿಲ್ಲ. ಮೇ ಕೊನೆಗೆ ಸಂಜೆಯ ಬೆಳಕಿನಲ್ಲಿ ಮರೆಯಾಗುತ್ತದೆ.

ಮತ್ತೆ ಬೆಳಗಿನ ಜಾವ ಕಾಣಿಸಿಕೊಳ್ಳುವುದೇ ಅಗಸ್ತ್ಯೋದಯ. ಇದು ಎಲ್ಲ ಊರಿಗೂ ಒಂದೇ ದಿನ ಆಗುವುದಿಲ್ಲ. ಉತ್ತರಕ್ಕೆ ಹೋದಷ್ಟೂ ತಡ. ಪ್ರಾಚೀನ ಜ್ಯೋತಿಷಿ ವರಾಹಮಿಹಿರ ಇದನ್ನು ತನ್ನ ಬೃಹತ್ಸಂಹಿತೆಯಲ್ಲಿ ಸ್ಪಷ್ಟವಾಗಿ ಹೇಳಿ, ಉಜ್ಜಯಿನಿಗೆ ಬೇರೆಯಾಗಿಯೇ ಲೆಕ್ಕ ಕೊಟ್ಟಿದ್ದಾನೆ: ಸೂರ್ಯ ಕನ್ಯಾರಾಶಿಗೆ 7 ಡಿಗ್ರಿ ಹಿಂದಿರುವಾಗ. ಬೆಂಗಳೂರಿನಲ್ಲಿ ಆಗಸ್ಟ್ ಮೊದಲ ವಾರಗಳಲ್ಲೇ ಉದಯಿಸಿದರೂ ಮೋಡ ಬಿಡಬೇಕಲ್ಲ!

ಪ್ರಶ್ನೆ: ‘ಆಗಸ್ಟ್’ ಕೂಡ ಅಗಸ್ತ್ಯನಿಂದಲೇ ಬಂತು ಎನ್ನುತ್ತಾರೆ. ನಿಜವೇ?

ಉತ್ತರ: ಇಲ್ಲ. ಅದು ರೋಮನ್ ಚಕ್ರವರ್ತಿ ಆಗಸ್ಟಸ್‌ನ ಹೆಸರು.

ಪ್ರಶ್ನೆ: ಅಗಸೆ ಹೂವಿನ ಪಲ್ಯ ಪ್ರತಿ ಸಲ ಕಹಿಯಾಗುತ್ತದೆ. ಮರವೂ ಸೊಪ್ಪು ಕಿತ್ತಂತೆಲ್ಲ ಒಣಗುತ್ತಿದೆ.

ಉತ್ತರ: ಹೂವನ್ನು ಇಡಿಯಾಗಿ ಹಾಕಿದರೆ ಕಹಿ ತಪ್ಪದು. ಬುಡದ ಹಸಿರು ತೊಟ್ಟನ್ನು ಚಿವುಟಿ, ಎಸಳು ಬಿಡಿಸಿ, ನಡುವೆ ಬಿಲ್ಲಿನಂತೆ ಬಾಗಿರುವ ಕೇಸರದ ಕಟ್ಟನ್ನು ಎಳೆದು ತೆಗೆಯಿರಿ. ಕಹಿ ಹೆಚ್ಚಾಗಿ ಅದರದೇ. ಉಳಿದ ಎಸಳು ಬೇಗ ಬೇಯುತ್ತದೆ, ಒಗ್ಗರಣೆಯಲ್ಲಿ ಬಾಡಿಸಿದರೆ ಸಾಕು. ಸೊಪ್ಪಿನ ಕಹಿ ಮಾತ್ರ ಹೀಗೆ ಹೋಗುವುದಿಲ್ಲ. ತೆಂಗಿನತುರಿ ಸುರಿದು ತಗ್ಗಿಸಬೇಕಷ್ಟೇ.

ಮರದ ವಿಷಯ: ನುಗ್ಗೆಯಂತೆ ಬೋಳಿಸಿದರೂ ಚಿಗುರುತ್ತದೆ ಎಂದುಕೊಂಡರೆ ಕೆಟ್ಟಿರಿ. ಅಗಸೆ ಬೇಗ ಬೆಳೆಯುತ್ತದೆ, ಆದರೆ ಪೂರ್ತಿ ಸೊಪ್ಪು ತೆಗೆದರೆ ಅಥವಾ ನಡುಕಾಂಡವನ್ನು ಮತ್ತೆ ಮತ್ತೆ ಕಡಿದರೆ ಸಾಯುತ್ತದೆ. ವೀಳ್ಯದೆಲೆ ತೋಟದಲ್ಲಿ ಬಳ್ಳಿಗೆ ಆಸರೆಯಾಗಿ ಬೆಳೆಸುವಾಗಲೂ ಪಕ್ಕದ ರೆಂಬೆಗಳನ್ನಷ್ಟೇ ಸವರಿ, ತುದಿಯ ಸೊಪ್ಪು ಉಳಿಸಿ.