ಸಂಜೆ ಬಿಸಿಲಿನಲ್ಲಿ ಮನೆಮಂದಿಯ ಫೋಟೋ ತೆಗೆಯುವಾಗ ಮುಖ ಕಪ್ಪಾಗದಂತೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಡಿಸೆಂಬರಿನಲ್ಲಿ ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ತುಂಬುತ್ತದೆ, ಮಂಡ್ಯದ ಹತ್ತಿರ ಊರಿನ ಮನೆಯಲ್ಲಿ 11 ಜನ ಸೇರುತ್ತೀರಿ. ಅಜ್ಜಿ ಇರುತ್ತಾರೆ, ಎರಡು ವರ್ಷದ ಮಗುವೂ ಇದೆ. ಕೈಯಲ್ಲಿ ಒಂದು ಕ್ಯಾಮೆರಾ, 50 ಎಂಎಂ ಲೆನ್ಸು, ಒಂದು ಫೋನು. ಹೋದ ಸಲ ಸಂಜೆ ತೆಗೆದಾಗ ಆಕಾಶ ಚಿನ್ನದ ಹಾಗೆ ಬಂತು, ಮುಖಗಳೆಲ್ಲ ಕಪ್ಪಾದವು. ಈ ಸಲ ಹಾಗಾಗಬಾರದು, ಅಲ್ವಾ?

ಇದೇ ಸೀಮೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಇಪ್ಪತ್ತು ವರ್ಷ ದಾಟಿತು. ಮುಖ ಕಪ್ಪಾಗೋದಕ್ಕೆ ಪರಿಹಾರ ಇದೆ, ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು: ಅಜ್ಜಿಯ ಫೋಟೋ ಎಲ್ಲಕ್ಕಿಂತ ಮುಂಚೆ ತೆಗೆಯಿರಿ.

ಕೆಲಸ ಶುರು ಮಾಡಿದ ಹೊಸದರಲ್ಲಿ ಪಾಂಡವಪುರದ ಕಡೆ ಒಂದು ಮನೆಗೆ ಹೋಗಿದ್ದೆ. 14 ಜನರ ಕುಟುಂಬ. ಹುಡುಗರು ಮೊದಲು ಬಂದು ನಿಂತರು, ಅವರನ್ನೇ ತೆಗೆಯುತ್ತಾ ಹೋದೆ. ಅಜ್ಜಿ ಒಳಗೆ ಸೀರೆ ಬದಲಾಯಿಸುತ್ತಿದ್ದರು. ನಿಧಾನಕ್ಕೆ ಬರಲಿ ಬಿಡಿ ಅಂದೆ. ಅವರು ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಸೂರ್ಯ ತೆಂಗಿನ ತೋಟದ ಹಿಂದಕ್ಕೆ ಹೋಗಿದ್ದ. ಬೆಳಕು ಸಾಲದೆ 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದೆ. ಎಫ್ ಅಂದರೆ ಲೆನ್ಸಿನ ಕಂಡಿ ಎಷ್ಟು ತೆರೆದಿದೆ ಅನ್ನೋ ಅಂಕಿ, ಅದು ಚಿಕ್ಕದಾದಷ್ಟೂ ಕಂಡಿ ದೊಡ್ಡದು, ಫೋಕಸ್ ಆಗುವ ಆಳ ಕಡಿಮೆ. ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಆ ಲೆನ್ಸನ್ನು ಅಷ್ಟು ತೆರೆದು ಮೂರು ಮೀಟರ್ ದೂರದಿಂದ ತೆಗೆದರೆ ಚೆನ್ನಾಗಿ ಫೋಕಸ್ ಆಗುವುದು ಸುಮಾರು 13 ಸೆಂಟಿಮೀಟರ್ ಆಳ ಮಾತ್ರ. ಒಂದು ಗೇಣೂ ಇಲ್ಲ. ಮಡಿಲಲ್ಲಿ ಕೂತ ಮೊಮ್ಮಗನ ಕಣ್ಣಿನ ರೆಪ್ಪೆ ಎಣಿಸಬಹುದಿತ್ತು. ಅವನ ಹಿಂದೆ ಗೇಣು ದೂರದಲ್ಲಿದ್ದ ಅಜ್ಜಿಯ ಮುಖ ಮಸುಕು. ಮೂರು ತಿಂಗಳಾದ ಮೇಲೆ ಆ ಮನೆಯಿಂದ ಫೋನ್ ಬಂತು. ಅಜ್ಜಿ ತೀರಿಕೊಂಡಿದ್ದರು. ಕಟ್ಟು ಹಾಕಿಸಲು ಅವರದ್ದೊಂದು ಒಳ್ಳೆ ಫೋಟೋ ಬೇಕಿತ್ತು. ನನ್ನ ಹತ್ತಿರ ಇದ್ದದ್ದು ಆ ಮಸುಕು ಮುಖ ಒಂದೇ. ಆಮೇಲಿಂದ ಯಾವ ಮನೆಗೆ ಹೋದರೂ ಮೊದಲ ಫೋಟೋ ಹಿರಿಯರದ್ದೇ.

ಈಗ ಹೊತ್ತಿನ ಲೆಕ್ಕ. ಡಿಸೆಂಬರ್ ನಡುವೆ ನಮ್ಮ ಕಡೆ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ. ಜುಲೈ ಮೊದಲಿಗೆ ಆದರೆ 6:50 ದಾಟುತ್ತದೆ. ಹೊಂಬಿಸಿಲು ಅಂತ ನಾವು ಕರೆಯುವ ಬೆಳಕು ಸಿಗುವುದು ಮುಳುಗುವ ಮುಂಚಿನ 25–30 ನಿಮಿಷ, ಅಷ್ಟೇ. ಯೂಟ್ಯೂಬಿನಲ್ಲಿ ಈ ಬೆಳಕು ಒಂದು ಗಂಟೆ ಇರುತ್ತೆ ಅಂತ ಹೇಳುವವರು ಬಹಳಷ್ಟು ಜನ ಯುರೋಪು, ಅಮೆರಿಕಾದವರು. ಅವರ ಊರಿನಲ್ಲಿ ಸೂರ್ಯ ಓರೆಯಾಗಿ ಜಾರುತ್ತಾ ಇಳಿಯುತ್ತಾನೆ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಹೊತ್ತು ಮುಳುಗುವುದೇ ರಾತ್ರಿ 9:20ರ ಸುಮಾರಿಗೆ, ಆ ಬೆಳಕೂ ನಮಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹೊತ್ತು ನಿಲ್ಲುತ್ತದೆ. ನಮ್ಮಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಕೆಳಗೆ ಇಳಿದುಬಿಡುತ್ತಾನೆ. ಗಡಿಯಾರ ಬೇಡ ಅಂದರೆ ಕೈ ಸಾಕು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಸೂರ್ಯನ ಕೆಳಗೆ, ನೆಲದಂಚಿನ ಮೇಲೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಇದ್ದರೆ ನಿಮ್ಮ ಹತ್ತಿರ 40–45 ನಿಮಿಷ ಇದೆ ಅಂತ ಅರ್ಥ.

ಆದರೆ ಊರಿನಲ್ಲಿ ಸೂರ್ಯ ನೆಲದಂಚಿಗೆ ಮುಳುಗುವುದು ಕಡಿಮೆ. ತೋಟದ ಹಿಂದೆ, ಪಕ್ಕದ ಮನೆಯ ಮಾಳಿಗೆ ಹಿಂದೆ ಇಪ್ಪತ್ತು ನಿಮಿಷ ಮೊದಲೇ ಮರೆಯಾಗುತ್ತಾನೆ. ಅದಕ್ಕೇ ಹಿಂದಿನ ದಿನ ಸಂಜೆ ಅದೇ ಹೊತ್ತಿಗೆ ಆ ಜಾಗಕ್ಕೆ ಹೋಗಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಬೇಸಿಗೆಯಲ್ಲಿ ನೋಡಿದ್ದು ಲೆಕ್ಕಕ್ಕೆ ಬರಲ್ಲ. ದಕ್ಷಿಣಾಯನದ ಕೊನೆಗೆ ಸೂರ್ಯ ಪಶ್ಚಿಮದಿಂದ ತೆಂಕಕ್ಕೆ ಚೆನ್ನಾಗಿಯೇ ಸರಿದಿರುತ್ತಾನೆ. ಜೂನಿನಲ್ಲಿ ಮರದ ಬಲಕ್ಕೆ ಮುಳುಗಿದವನು ಡಿಸೆಂಬರಿನಲ್ಲಿ ಎಡಕ್ಕೆ ಎಲ್ಲೋ ಇರುತ್ತಾನೆ.

ಜಾಗಕ್ಕೆ ದೂರ ಹೋಗಬೇಡಿ. ಮಗು, ಅಜ್ಜಿ ಇಬ್ಬರೂ ಇರುವಾಗ ಮನೆಯಿಂದ ಐದು ನಿಮಿಷದ ದಾರಿಯೇ ಒಳ್ಳೆಯದು. ಹಳೆ ಸ್ಮಾರಕಗಳ ಆಸೆ ಇದ್ದರೆ, ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ನಿಮ್ಮ ಕಡೆ ಡಿಸೆಂಬರಿನಲ್ಲಿ ಕಬ್ಬು ಸೂಲಂಗಿ, ಅಂದರೆ ಹೂವಿನ ತೆನೆ, ಬಿಟ್ಟಿರುತ್ತದೆ. ಸೂರ್ಯ ಅದರ ಹಿಂದೆ ಇರುವಾಗ ಒಂದೊಂದು ಸೂಲಂಗಿಯೂ ಬೆಳ್ಳಿ ಕುಚ್ಚಿನ ಹಾಗೆ ಹೊಳೆಯುತ್ತದೆ. ಅದಕ್ಕಿಂತ ಚೆಂದದ ಹಿನ್ನೆಲೆ ನಾನಂತೂ ನೋಡಿಲ್ಲ. ಕಟಾವಾದ ಗದ್ದೆ, ಹುಲ್ಲಿನ ಮೆದೆ, ಅರಳಿಕಟ್ಟೆ ಯಾವುದಾದರೂ ಆಗುತ್ತದೆ. ತೆಂಗಿನ ತೋಟದ ಒಳಗೆ ಮಾತ್ರ ಬೇಡ. ಗರಿಗಳ ಸಂದಿಯಿಂದ ಬಿಸಿಲು ಚೂರು ಚೂರಾಗಿ ಬೀಳುತ್ತದೆ. ಒಬ್ಬರ ಮೂಗಿನ ಮೇಲೆ ಬೆಳಕು, ಇನ್ನೊಬ್ಬರ ಹಣೆ ಮೇಲೆ ಪಟ್ಟೆ. ಆಮೇಲೆ ಏನು ಮಾಡಿದರೂ ಸರಿಹೋಗಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲ್ಲರನ್ನೂ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ. ಸೂರ್ಯನ ಕಡೆ ಮುಖ ಮಾಡಿಸಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ವಯಸ್ಸಾದವರ ಕಣ್ಣಲ್ಲಿ ನೀರು ಬರುತ್ತದೆ. ಬೆನ್ನು ಮಾಡಿದರೆ ಕೂದಲಿಗೆ, ಭುಜಕ್ಕೆ, ಸೀರೆಯ ಜರಿ ಅಂಚಿಗೆ ಹೊನ್ನಿನ ಗೆರೆ ಎಳೆದ ಹಾಗೆ ಬೆಳಕು ಕೂರುತ್ತದೆ. ಹೋದ ಸಲ ನೀವೂ ಹಾಗೇ ನಿಲ್ಲಿಸಿದ್ದಿರಿ ಅನ್ನಿಸುತ್ತದೆ, ಅದು ಸರಿಯೇ. ತಪ್ಪಿದ್ದು ಕ್ಯಾಮೆರಾದ ಲೆಕ್ಕದಲ್ಲಿ. ಅದು ಆಕಾಶದ ಬೆಳಕು ನೋಡಿ, ಅಬ್ಬಾ ಜಾಸ್ತಿ ಆಯ್ತು ಅಂತ ಇಡೀ ಫೋಟೋವನ್ನೇ ಕತ್ತಲು ಮಾಡಿತು. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನೋ ಗುಂಡಿ ಇರುತ್ತದೆ, ಪ್ಲಸ್ ಮೈನಸ್ ಗುರುತಿನದ್ದು. ಅದನ್ನು ಪ್ಲಸ್ 1ಕ್ಕೆ ಇಡಿ. ಸಾಲದಿದ್ದರೆ ಇನ್ನೂ ಸ್ವಲ್ಪ ಏರಿಸಿ. ಫೋನಿನಲ್ಲಾದರೆ ಅಮ್ಮನ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಲಾಕ್ ಆಗುತ್ತದೆ. ಪಕ್ಕದಲ್ಲಿ ಬರುವ ಸೂರ್ಯನ ಚಿತ್ರವನ್ನು ಮೇಲಕ್ಕೆ ಎಳೆಯಿರಿ. ಆಕಾಶ ಒಂದಿಷ್ಟು ಬೆಳ್ಳಗಾಗುತ್ತದೆ, ಆಗಲಿ ಬಿಡಿ. 40 ವರ್ಷ ಒಟ್ಟಿಗೆ ಬಾಳಿದವರ ಮುಖ ಕಾಣಬೇಕು, ಆಕಾಶ ನಾಳೆಯೂ ಸಿಗುತ್ತದೆ.

ಮುಖಕ್ಕೆ ಬೆಳಕು ಇನ್ನೂ ಬೇಕು ಅನ್ನಿಸಿದರೆ ದುಡ್ಡು ಕೊಟ್ಟು ರಿಫ್ಲೆಕ್ಟರ್ ತರುವುದೇನೂ ಬೇಡ. ಒಗೆದ ಬಿಳಿ ಪಂಚೆಯನ್ನು ಇಬ್ಬರು ನಿಮ್ಮ ಪಕ್ಕ ನಿಂತು ಎದೆ ಎತ್ತರಕ್ಕೆ ಬಿಗಿಯಾಗಿ ಹಿಡಿದುಕೊಳ್ಳಲಿ. ಎದುರಿನಿಂದ ಬಂದ ಬಿಸಿಲು ಅದಕ್ಕೆ ಬಡಿದು ವಾಪಸ್ ಮುಖಕ್ಕೆ ಹೋಗುತ್ತದೆ. ಅಪ್ಪ ಅಮ್ಮ ಇಬ್ಬರೇ ಇರುವಾಗ ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂದರೆ, ಪಂಚೆ ಒಮ್ಮೆ ಇಳಿಸಿ ಒಮ್ಮೆ ಎತ್ತಿ ನೋಡಿದರೆ ಕಣ್ಣಿನೊಳಗೆ ಮಿಣುಕು ಹತ್ತುವುದೇ ಕಾಣುತ್ತದೆ. 11 ಜನಕ್ಕೆ ಒಂದು ಪಂಚೆ ಸಾಲಲ್ಲ. ಅದಕ್ಕೆ ಬೇರೆ ಉಪಾಯ ಇದೆ. ಪಶ್ಚಿಮಕ್ಕೆ ಮುಖ ಮಾಡಿದ, ಸುಣ್ಣ ಹೊಡೆದ ಗೋಡೆ ಹುಡುಕಿ. ಬಿಸಿಲು ಬಿದ್ದು ಬೆಳ್ಳಗೆ ಹೊಳೆಯುತ್ತಿರುತ್ತದೆ. ನೀವು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಮನೆಯವರೆಲ್ಲ ಗೋಡೆ ಕಡೆ ನೋಡುತ್ತಾ ನಿಲ್ಲಲಿ. ಇಡೀ ಗೋಡೆಯೇ ನಿಮ್ಮ ಪಂಚೆ ಆಯ್ತು.

ನೆಲವೂ ಬಣ್ಣ ಬಳಿಯುತ್ತದೆ. ಹಸಿರು ಹುಲ್ಲಿನ ಮೇಲೆ ನಿಂತರೆ ಗಲ್ಲದ ಕೆಳಗೆ ಹಸಿರು ಛಾಯೆ ಬರುತ್ತದೆ. ಕೆಮ್ಮಣ್ಣು, ಒಣಹುಲ್ಲು ಇದ್ದರೆ ಮುಖಕ್ಕೆ ಬಿಸುಪು ಬರುತ್ತದೆ. ಬಟ್ಟೆಯೂ ಅಷ್ಟೇ. ಕಣ್ಣು ಕುಕ್ಕುವ ಗಿಳಿಹಸಿರು, ಗುಲಾಬಿ ಬೇಡ. ಕೆನೆ, ಸಾಸಿವೆ, ಮರೂನ್, ಅರಿಶಿನ ಈ ಬೆಳಕಿಗೆ ಹೇಳಿ ಮಾಡಿಸಿದ ಬಣ್ಣಗಳು.

ಕ್ಯಾಮೆರಾ ಸೆಟ್ಟಿಂಗ್ ಬೇಗ ಹೇಳಿಬಿಡುತ್ತೇನೆ. ಎರಡು ಸಾಲೂ ಫೋಕಸ್ ಆಗಬೇಕಾದ್ದರಿಂದ ಎಫ್ 5.6. ಮಗು ಅಲುಗಾಡುವುದರಿಂದ ಶಟರ್ 1/250, ಅಂದರೆ ಸೆಕೆಂಡಿನ 250ನೇ ಒಂದು ಭಾಗ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ, ಆಟೋಗೆ ಬಿಟ್ಟು 1600ರ ಮಿತಿ ಹಾಕಿ. ಸಣ್ಣ ಸೆನ್ಸರಿನ ಕ್ಯಾಮೆರಾ ಆದರೆ 50 ಎಂಎಂ ಲೆನ್ಸಿನಲ್ಲಿ 11 ಜನ ಹಿಡಿಯಲು ನೀವು 8–9 ಮೀಟರ್ ಹಿಂದೆ ಸರಿಯಬೇಕು, ಅಷ್ಟು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಿಮ್ಮ ಹಿಂದೆ ನಾಲೆ ಇರಬಾರದು. ಫೋನಿನಲ್ಲಿ ವೈಡ್ ಇಡಬೇಡಿ, ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗುತ್ತಾರೆ. 2ಎಕ್ಸ್ ಇಟ್ಟು ಹಿಂದೆ ಸರಿಯಿರಿ. ಲೆನ್ಸನ್ನು ಒರೆಸಿಕೊಳ್ಳಿ. ಬೆರಳಿನ ಜಿಡ್ಡು ಒಂದಿಷ್ಟಿದ್ದರೂ ಎದುರು ಬಿಸಿಲಿಗೆ ಇಡೀ ಫೋಟೋ ಮಂಜು ಕವಿದ ಹಾಗೆ ಬರುತ್ತದೆ. ಒರೆಸಿದ ಮೇಲೂ ಮಂಜು ಇದ್ದರೆ ಬಿಸಿಲು ನೇರ ಲೆನ್ಸಿಗೆ ಬೀಳುತ್ತಿದೆ ಅಂತ. ಲೆನ್ಸಿನ ಮೇಲೆ ಅಂಗೈ ಅಡ್ಡ ಹಿಡಿದು ನೆರಳು ಮಾಡಿ, ಕೈ ಫ್ರೇಮಿನಲ್ಲಿ ಬರದ ಹಾಗೆ.

ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ ಸರಿದೂಗಿಸುವ ಸೆಟ್ಟಿಂಗ್, ಆಟೋದಲ್ಲಿ ಇರಬಾರದು. ಈ ಬೆಳಕು ಹೊನ್ನಾಗುವುದಕ್ಕೆ ಕಾರಣ ಇದೆ. ನೆತ್ತಿಯ ಮೇಲಿರುವ ಸೂರ್ಯನ ಬೆಳಕು ದಾಟುವ ಗಾಳಿಗಿಂತ ಸುಮಾರು 38 ಪಟ್ಟು ಗಾಳಿಯನ್ನು ಮುಳುಗುವ ಸೂರ್ಯನ ಬೆಳಕು ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಚೆದುರಿಹೋಗುತ್ತದೆ, ಹಳದಿ ಕೆಂಪು ಉಳಿದು ನಮ್ಮನ್ನು ಮುಟ್ಟುತ್ತದೆ. ಆಟೋದಲ್ಲಿಟ್ಟರೆ ಕ್ಯಾಮೆರಾ ಅದನ್ನು ತಪ್ಪು ಅಂದುಕೊಂಡು ತಿದ್ದುತ್ತದೆ, ಸಂಜೆ ಬಿಸಿಲು ಮಧ್ಯಾಹ್ನದ ಬಿಸಿಲಿನ ಹಾಗೆ ಕಾಣುತ್ತದೆ. ಡೇಲೈಟ್ ಅಥವಾ ಮೋಡದ ಗುರುತಿಗೆ ಇಟ್ಟುಬಿಡಿ.

ಜನರನ್ನು ಕೂರಿಸುವ ಕೆಲಸ 5 ಗಂಟೆಗೇ ಶುರುವಾಗಬೇಕು. ಮಗುವಿಗೆ ನಿದ್ದೆ, ಹಾಲು ಎಲ್ಲ ಅಷ್ಟರಲ್ಲಿ ಮುಗಿದಿರಲಿ. ಹೊತ್ತು ಮುಳುಗಿದರೆ ಗದ್ದೆ ಬಯಲಲ್ಲಿ ಸೊಳ್ಳೆ ಜಾಸ್ತಿ, ಕೈಕಾಲಿಗೆ ಏನಾದರೂ ಹಚ್ಚಿರಿ. ಅಜ್ಜಿಗೆ ಕುರ್ಚಿ ಹಾಕಿ, ಬಿಳಿ ಪ್ಲಾಸ್ಟಿಕ್ ಕುರ್ಚಿಯಾದರೆ ಮೇಲೊಂದು ಜಮಖಾನ ಹೊದಿಸಿ. ಬಿಸಿಲಿಗೆ ಕಪ್ಪಾಗುವ ಕನ್ನಡಕ ಯಾರದ್ದಾದರೂ ಇದ್ದರೆ ಹತ್ತು ನಿಮಿಷ ಮುಂಚೆಯೇ ತೆಗೆಸಿ ನೆರಳಲ್ಲಿಟ್ಟು, ಫೋಟೋ ಹೊತ್ತಿಗೆ ಹಾಕಿಸಿ. ಅಜ್ಜಿಗೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಅನ್ನಿಸುತ್ತದೆ. ಅದನ್ನೂ ಹಿಂದಿನ ದಿನವೇ ಮಾತಾಡಿಕೊಳ್ಳಿ. ಹಿರಿಯರು ಚಡಪಡಿಸುತ್ತಾ ಕೂತರೆ ಅದು ಮುಖದಲ್ಲಿ ಕಾಣುತ್ತದೆ.

5:15ಕ್ಕೆ ಅಜ್ಜಿ ಒಬ್ಬರೇ. ಆಮೇಲೆ ಅಜ್ಜಿ, ಮರಿಮಗು. 5:30ಕ್ಕೆ ಪೂರ್ತಿ ಗುಂಪು. ಒಂದು ನಿಲುವಿಗೆ ಕಡಿಮೆ ಅಂದರೂ 15 ಫೋಟೋ ತೆಗೆಯಿರಿ, 11 ಜನರಲ್ಲಿ ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ನಾನು ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಿ ಅಂತೀನಿ, ಮೂರು ಎಣಿಸಿ ಬಿಡಿ ಅಂತೀನಿ. ಕಣ್ಣು ಬಿಟ್ಟ ಆ ಕ್ಷಣ ಯಾರೂ ಮಿಟುಕಿಸಲ್ಲ. ಗುಂಪು ಮುಗಿದ ಮೇಲೆ ಅಜ್ಜಿಯನ್ನು ಮನೆಗೆ ಕಳಿಸಿಕೊಡಿ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರವರ ಮಕ್ಕಳು ಆಮೇಲೆ.

ಅಪ್ಪ ಅಮ್ಮನ ಜೋಡಿ ಫೋಟೋ ಕೊನೆಗಿರಲಿ. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಕ್ಯಾಮೆರಾ ಒಳಗಿಡುತ್ತಾರೆ. ನೀವು ಇಡಬೇಡಿ. ಅಪ್ಪ ಅಮ್ಮನನ್ನು ತಿರುಗಿಸಿ, ಈಗ ಅವರ ಮುಖ ಪಶ್ಚಿಮಕ್ಕಿರಲಿ. ಕಣ್ಣು ಕುಕ್ಕುವ ಬಿಸಿಲು ಹೋಗಿದೆ, ಆಕಾಶದ ಕೆಂಪು ಉಳಿದಿದೆ. ಅದು ಮುಖದ ಮೇಲೆ ಸಮನಾಗಿ ಹರಡುತ್ತದೆ, ಸುಕ್ಕುಗಳು ಮೆತ್ತಗಾಗುತ್ತವೆ, ನೆರಳೇ ಇರಲ್ಲ. ಹತ್ತು ಹದಿನೈದು ನಿಮಿಷ ಮಾತ್ರ ಇರುವ ಬೆಳಕು. ಇಬ್ಬರೇ ಇರುವುದರಿಂದ ಎಫ್ 2.8, ಶಟರ್ 1/125 ಸಾಕು. ಇಬ್ಬರ ಮುಖವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಲಿ. ಫ್ಲಾಶ್ ಬೇಡ, ಅದರ ಬಿಳಿ ಬೆಳಕು ಈ ಬಣ್ಣದ ಮೇಲೆ ಸುಣ್ಣ ಬಳಿದ ಹಾಗೆ ಕಾಣುತ್ತದೆ.

ಪ್ರಿಂಟ್ ಹಾಕಿಸುವಾಗ ಒಂದು ಎಚ್ಚರ. ಮೊಬೈಲ್ ಪರದೆ ಮೇಲೆ ಹೊನ್ನಾಗಿ ಕಾಣುವ ಫೋಟೋ ಕಾಗದದ ಮೇಲೆ ಒಂದು ಮೆಟ್ಟಿಲು ಕತ್ತಲಾಗಿ, ಕಿತ್ತಳೆಯಾಗಿ ಬರುತ್ತದೆ. ನೇರ ದೊಡ್ಡ ಸೈಜಿಗೆ ಕೊಡಬೇಡಿ. ಮೊದಲು 4×6ರದ್ದು ಒಂದು ತೆಗೆಸಿ, ಹೊರಗೆ ಹಗಲು ಬೆಳಕಿಗೆ ತಂದು ನೋಡಿ. ಅಮ್ಮನ ಮುಖದ ಬಣ್ಣ ಅಮ್ಮನದ್ದೇ ಅನ್ನಿಸಿದರೆ ದೊಡ್ಡದಕ್ಕೆ ಹೇಳಿ.